ಹೊರಟ ಗುದ್ದಿಗೆ ಹಿಂದಾರಿಯಿಲ್ಲ

1897ರ ಮಾರ್ಚ್ 17ರಂದು ಅಮೆರಿಕದ ನೆವಾಡಾ ರಾಜ್ಯದ ಕಾರ್ಸನ್ ಸಿಟಿಯಲ್ಲಿ ನಡೆದ ಹೆವಿವೇಟ್ ಪಂದ್ಯ ಒಂದೇ ಒಂದು ಗುದ್ದಿನ ಕಾರಣಕ್ಕೆ ನೆನಪಿನಲ್ಲಿ ಉಳಿದಿದೆ. ಚಾಂಪಿಯನ್ ಜೇಮ್ಸ್ ಕಾರ್ಬೆಟ್ ಕಾಲಚಳಕಕ್ಕೆ ಹೆಸರಾದವರು. ಎದುರಾಳಿ ಬಾಬ್ ಫಿಟ್ಸ್‌ಸಿಮನ್ಸ್ ಕಮ್ಮಾರಿಕೆಯಲ್ಲಿ ತೋಳು ಬೆಳೆಸಿಕೊಂಡವರು, ತೂಕದಲ್ಲಿ ಕಾರ್ಬೆಟ್‌ಗಿಂತ ಹಗುರ. ಆರನೇ ಸುತ್ತಿನಲ್ಲಿ ಪೆಟ್ಟು ತಿಂದು ನೆಲಕ್ಕೆ ಕುಸಿದಿದ್ದ ಅವರು ಹದಿನಾಲ್ಕನೇ ಸುತ್ತಿನಲ್ಲಿ ಬಲಗೈಯಿಂದ ಕಾರ್ಬೆಟ್ ತಲೆಯತ್ತ ಬೆದರಿಕೆ ಒಡ್ಡಿದರು. ಕಾರ್ಬೆಟ್ ಹಿಂದಕ್ಕೆ ಬಾಗಿದರು. ಅಷ್ಟರಲ್ಲಿ ಫಿಟ್ಸ್‌ಸಿಮನ್ಸ್‌ರ ಹಿಂದಿದ್ದ ಬಲಗಾಲು ಮುಂದಕ್ಕೆ ಬಂದಿತ್ತು, ಹಿಂದುಳಿದ ಎಡಗೈ ಕಾರ್ಬೆಟ್ ಎದೆಗೂಡಿನ ಕೆಳಗೆ ಇಳಿದಿತ್ತು. ಚಾಂಪಿಯನ್ ಎಣಿಕೆ ಮುಗಿಯುವುದರೊಳಗೆ ಏಳಲಿಲ್ಲ. ಮರುದಿನದಿಂದ ಪತ್ರಿಕೆಗಳು ಹೊಟ್ಟೆಯ ಮೇಲ್ಭಾಗದ ನರಗಂಟಿನ ಬಗ್ಗೆ ಪುಟಗಟ್ಟಲೆ ಬರೆದವು, ‘ಸೋಲಾರ್ ಪ್ಲೆಕ್ಸಸ್ ಪಂಚ್’ ಎಂಬ ಮಾತು ಮನೆಮಾತಾಯಿತು. ಗುದ್ದು ಎಲ್ಲಿ ಬಿತ್ತು ಎನ್ನುವುದರ ಬಗ್ಗೆ ಇಷ್ಟೆಲ್ಲ ಚರ್ಚೆಯಾದರೂ, ಅದು ಅಲ್ಲಿಗೆ ಬೀಳುವಂತೆ ಮಾಡಿದ ಕಾಲಿನ ಬಗ್ಗೆ ಬಂದ ಮಾತು ಕಡಿಮೆ. ಕಾರ್ಬೆಟ್ ತಪ್ಪು ಮಾಡಿರಲಿಲ್ಲ. ಬಲಗೈ ಗುದ್ದಿಗೆ ಹಿಂದಕ್ಕೆ ಬಾಗುವುದು ಸರಿಯಾದ ಉತ್ತರವೇ. ಆದರೆ ಆ ಉತ್ತರ ಸರಿಯಾಗುತ್ತಿದ್ದುದು ಅರ್ಧ ಸೆಕೆಂಡಿನ ಹಿಂದಿದ್ದ ಫಿಟ್ಸ್‌ಸಿಮನ್ಸ್‌ಗೆ. ಗುದ್ದು ಕೊಟ್ಟ ಫಿಟ್ಸ್‌ಸಿಮನ್ಸ್‌ಗೆ ಬೇರೆ ಕಾಲು ಮುಂದಿತ್ತು, ಬೇರೆ ಕೈ ಹಿಂದಿತ್ತು.

ಬಾಕ್ಸಿಂಗ್‌ನಲ್ಲಿ ನಿಲುವು ಎರಡು ಬಗೆ. ಎಡಗಾಲು, ಎಡಗೈ ಮುಂದಿಟ್ಟು ಬಲಗೈಯನ್ನು ಹಿಂದೆ ಕಾದಿರಿಸಿಕೊಳ್ಳುವುದು ಆರ್ಥೊಡಾಕ್ಸ್. ಅದರ ಕನ್ನಡಿಬಿಂಬ ಸೌತ್‌ಪಾ. ಮುಂದಿನ ಕೈ ಜ್ಯಾಬ್ ಹಾಕಿ ದೂರ ಅಳೆಯುತ್ತದೆ, ಹಿಂದಿನ ಕೈ ಭಾರದ ಗುದ್ದು ಹೊಡೆಯುತ್ತದೆ. ಹೆಚ್ಚಿನವರು ಒಂದೇ ನಿಲುವಿನಲ್ಲಿ ಕಲಿತು ಅದರಲ್ಲೇ ವೃತ್ತಿಯನ್ನು ಮುಗಿಸುತ್ತಾರೆ. ಕೆಲವರು ಮಾತ್ರ ಪಂದ್ಯದ ನಡುವೆ, ಇನ್ನೂ ಕೆಲವರು ಗುದ್ದಾಟದ ನಡುವೆಯೇ, ಒಂದರಿಂದ ಇನ್ನೊಂದಕ್ಕೆ ಹೊರಳುತ್ತಾರೆ. ಈ ಹೊರಳುವಿಕೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ‘ಎದುರಾಳಿ ಗೊಂದಲಗೊಳ್ಳುತ್ತಾನೆ’ ಎಂಬುದು. ಇದು ಸುಳ್ಳಲ್ಲ, ಆದರೆ ಏನನ್ನೂ ವಿವರಿಸುವುದಿಲ್ಲ. ಯಾವ ಗೊಂದಲ, ಎಷ್ಟು ಹೊತ್ತಿನದು, ಅದರಿಂದ ಲಾಭ ಯಾವಾಗ, ಯಾವಾಗ ನಷ್ಟ ಎಂದು ಕೇಳಬೇಕು. ನನ್ನ ವಾದ ಇಷ್ಟು: ನಿಲುವು ಬದಲಿಸುವುದರ ಬೆಲೆ ಹೊಸ ನಿಲುವಿನಲ್ಲಿಲ್ಲ, ಅದನ್ನು ಬದಲಿಸಿದ ಗಳಿಗೆಯಲ್ಲಿದೆ. ಎದುರಾಳಿ ಹಳೆಯ ನಿಲುವನ್ನು ನಂಬಿ ಗುದ್ದನ್ನು ಹೊರಡಿಸಿದ ಮೇಲೆ, ಆ ಗುದ್ದು ಮುಟ್ಟುವ ಮೊದಲು, ನಡುವೆ ಇರುವ ಪುಟ್ಟ ಅವಧಿಯಲ್ಲಿ ಹೊರಳಿದರೆ ಮಾತ್ರ ಎದುರೇಟಿಗೆ ಬಾಗಿಲು ತೆರೆಯುತ್ತದೆ. ಉಳಿದ ಹೊತ್ತಿನಲ್ಲಿ ಮಾಡಿದ ಬದಲಾವಣೆ ಬರೀ ನೋಟಕ್ಕೆ.

ಆ ಅವಧಿ ಎಷ್ಟು ಚಿಕ್ಕದು ಎಂದು ನೋಡೋಣ. ಬೆಳಕು ಕಂಡ ಕೂಡಲೇ ಗುಂಡಿ ಒತ್ತುವಂಥ ಸರಳ ಪ್ರಯೋಗದಲ್ಲೂ ಆರೋಗ್ಯವಂತ ಯುವಕರಿಗೆ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಲ್ಲಿ ಸಾಧ್ಯತೆ ಒಂದೇ. ಸಾಧ್ಯತೆಗಳು ಹೆಚ್ಚಿದಂತೆ ಉತ್ತರ ತಡವಾಗುತ್ತದೆ ಎಂದು 1952ರಲ್ಲಿ ಬ್ರಿಟನ್ನಿನ ವಿಲಿಯಂ ಹಿಕ್, ಮರುವರ್ಷ ಅಮೆರಿಕದ ರೇ ಹೈಮನ್ ತೋರಿಸಿದರು. ಆಯ್ಕೆಗಳ ಸಂಖ್ಯೆ ಇಮ್ಮಡಿಯಾದ ಪ್ರತಿ ಸಲವೂ ಪ್ರತಿಕ್ರಿಯೆಯ ಕಾಲಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯ ಹೆಚ್ಚುವರಿ ಕಾಲ ಸೇರುತ್ತದೆ. ಇತ್ತ ಅನುಭವಿ ಬಾಕ್ಸರನ ನೇರ ಗುದ್ದು ಹೊರಟು ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಬರುವ ಗುದ್ದನ್ನು ಕಂಡು, ಅದು ಯಾವುದೆಂದು ಗುರುತಿಸಿ, ಉತ್ತರ ಆರಿಸಿ ಕೈಯೆತ್ತುವುದು ಆಗದ ಕೆಲಸ ಎಂದು ತಿಳಿಯುತ್ತದೆ. ಬಾಕ್ಸರನು ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ, ಗುದ್ದಿನ ಮುನ್ಸೂಚನೆಯನ್ನು ಓದಿ ತಪ್ಪಿಸಿಕೊಳ್ಳುತ್ತಾನೆ. ಭುಜದ ಸಣ್ಣ ಚಲನೆ, ಸೊಂಟದ ತಿರುವು, ಹಿಂಗಾಲಿನ ಹಿಮ್ಮಡಿ ಏಳುವುದು, ಎರಡು ದೇಹಗಳ ನಡುವಿನ ಅಂತರ, ಇವೆಲ್ಲ ಅವನಿಗೆ ಮುಂದೆ ಬರಲಿರುವುದನ್ನು ಹೇಳುತ್ತವೆ. ಫ್ರಾನ್ಸಿನ ಯೂಬರ್ ರಿಪೋಲ್ ಮತ್ತು ಸಂಗಡಿಗರು 1995ರಲ್ಲಿ ಫ್ರೆಂಚ್ ಬಾಕ್ಸಿಂಗ್ ಪಟುಗಳ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ನುರಿತವರ ದೃಷ್ಟಿ ಎದುರಾಳಿಯ ತಲೆಯ ಆಸುಪಾಸಿನಲ್ಲೇ ನೆಲೆಗೊಂಡು ಕೈಕಾಲುಗಳನ್ನು ಅಂಚುನೋಟದಿಂದ ಗ್ರಹಿಸುತ್ತದೆ ಎಂದು ಕಂಡುಬಂತು. ಹೊಸಬರ ಕಣ್ಣು ಅಲ್ಲಿಂದಿಲ್ಲಿಗೆ ಅಲೆಯುತ್ತಿತ್ತು. ನುರಿತವನು ಇಡೀ ದೇಹವನ್ನು ಒಂದು ವಿನ್ಯಾಸವಾಗಿ ಓದುತ್ತಾನೆ. ಆ ಓದಿಗೆ ಯಾವ ಕಾಲು ಮುಂದಿದೆ ಎಂಬುದೇ ತಳಪಾಯ.

ಮುನ್ಸೂಚನೆ ಓದುವವನಿಗೆ ಒಂದು ದೌರ್ಬಲ್ಯ ಇದ್ದೇ ಇರುತ್ತದೆ: ಅವನು ಮೊದಲೇ ನಿರ್ಧರಿಸಬೇಕು. ನಿರ್ಧಾರ ಒಮ್ಮೆ ಸ್ನಾಯುಗಳಿಗೆ ಇಳಿದ ಮೇಲೆ ಅದನ್ನು ವಾಪಸು ಕರೆಯುವುದು ಕಷ್ಟ. 1984ರಲ್ಲಿ ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ ಈ ವಾಪಸು ಕರೆಯುವಿಕೆಯನ್ನು ಅಳೆಯುವ ಸಿದ್ಧಾಂತವೊಂದನ್ನು ಮುಂದಿಟ್ಟರು. ಪ್ರಯೋಗಕ್ಕೆ ಒಳಗಾದವರು ಒಂದು ಸಂಕೇತಕ್ಕೆ ಪ್ರತಿಕ್ರಿಯಿಸಲು ಹೊರಟಾಗ ‘ನಿಲ್ಲು’ ಎಂಬ ಇನ್ನೊಂದು ಸಂಕೇತ ಬರುತ್ತದೆ. ಆ ತಡೆಯುವ ಕ್ರಿಯೆಗೇ ಸಾಮಾನ್ಯವಾಗಿ 200 ಮಿಲಿಸೆಕೆಂಡಿನ ಆಸುಪಾಸು ಬೇಕಾಗುತ್ತದೆ ಎಂಬುದು ಅಂದಿನಿಂದ ನಡೆದ ಅನೇಕ ಪ್ರಯೋಗಗಳ ಅಂದಾಜು. ಸಂಕೇತ ತಡವಾಗಿ ಬಂದಷ್ಟೂ ನಿಲ್ಲಿಸುವ ಸಾಧ್ಯತೆ ಕುಗ್ಗುತ್ತದೆ. ಇದಕ್ಕೆ ಸೇರಿಕೊಂಡಂತೆ ಇನ್ನೊಂದು ಹಳೆಯ ಶೋಧವಿದೆ: ಒಂದರ ಹಿಂದೆ ಒಂದರಂತೆ ಎರಡು ಸಂಕೇತಗಳು ತೀರಾ ಹತ್ತಿರದಲ್ಲಿ ಬಂದರೆ ಎರಡನೆಯದಕ್ಕೆ ಕೊಡುವ ಉತ್ತರ ಎಂದಿಗಿಂತ ತಡವಾಗುತ್ತದೆ, ಮೆದುಳು ಮೊದಲನೆಯದನ್ನು ಇನ್ನೂ ವಿಲೇವಾರಿ ಮಾಡುತ್ತಿರುತ್ತದೆ. ಈಗ ಇವನ್ನು ರಿಂಗಿನೊಳಕ್ಕೆ ತನ್ನಿ. ಎದುರಾಳಿ ಬಲಗೈ ಗುದ್ದನ್ನು ಹೊರಡಿಸಿದ್ದಾನೆ. ಅದೇ ಹೊತ್ತಿಗೆ ಅವನೆದುರಿನ ದೇಹ ತನ್ನ ವಿನ್ಯಾಸವನ್ನು ಬದಲಿಸುತ್ತದೆ. ಅವನ ಕಣ್ಣಿಗೆ ಅದು ಕಾಣಬಹುದು, ಮೆದುಳಿಗೂ ತಿಳಿಯಬಹುದು. ಗುದ್ದು ಮಾತ್ರ ಹಳೆಯ ವಿಳಾಸಕ್ಕೆ ಬಟವಾಡೆಯಾದ ಕಾಗದದಂತೆ ಖಾಲಿ ಮನೆಯ ಬಾಗಿಲು ತಟ್ಟುತ್ತದೆ.

ಇನ್ನು ಆ ಹೊರಳುವ ಹೆಜ್ಜೆಯ ಯಂತ್ರಶಾಸ್ತ್ರ. ಇಬ್ಬರೂ ಆರ್ಥೊಡಾಕ್ಸ್ ನಿಲುವಿನಲ್ಲಿದ್ದಾರೆ ಎಂದುಕೊಳ್ಳಿ. ಎದುರಾಳಿಯ ಬಲಗೈ ನೇರ ಗುದ್ದು ಹೊರಟ ಕೂಡಲೇ ನಮ್ಮ ಬಾಕ್ಸರು ಮುಂದಿದ್ದ ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಒಂದೇ ಹೆಜ್ಜೆಯಲ್ಲಿ ಮೂರು ಸಂಗತಿಗಳು ನಡೆಯುತ್ತವೆ. ತಲೆ ಹಿಂದೆ ಸರಿಯುತ್ತದೆ, ಗುದ್ದು ಕೆಲವು ಅಂಗುಲ ಸಾಲದೆ ಬರುತ್ತದೆ. ಎದುರಾಳಿಯ ಬಲದವಡೆಯನ್ನು ಕಾಯುತ್ತಿದ್ದ ಬಲಗೈ ಈಗ ಗಾಳಿಯಲ್ಲಿ ಚಾಚಿಕೊಂಡಿದೆ, ದವಡೆ ತೆರೆದುಕೊಂಡಿದೆ. ಆ ದವಡೆಗೆ ನೇರ ಎದುರಿಗಿರುವುದು ನಮ್ಮ ಬಾಕ್ಸರಿನ ಎಡಗೈ, ಅದು ಕ್ಷಣದ ಹಿಂದೆ ಮುಂದಿನ ಕೈಯಾಗಿತ್ತು, ಈಗ ಹಿಂದಿನ ಕೈ. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಬ್ರಿಟನ್ನಿನಲ್ಲಿ ಸ್ಮಿತ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಉನ್ನತ ದರ್ಜೆಯ ಬಾಕ್ಸರುಗಳ ಹಿಂದಿನ ಕೈ ನೇರ ಗುದ್ದಿನ ಗರಿಷ್ಠ ಬಲ ಸರಾಸರಿ 4,800 ನ್ಯೂಟನ್, ಮುಂದಿನ ಕೈಯದು ಸುಮಾರು 2,850 ನ್ಯೂಟನ್. ತೋಳಿನ ದಪ್ಪದಿಂದ ಈ ವ್ಯತ್ಯಾಸ ಬರುವುದಿಲ್ಲ. ಸೋವಿಯತ್ ಸಂಶೋಧಕ ಫಿಲಿಮೊನೋವ್ ಮತ್ತು ಜೊತೆಗಾರರು 1985ರಲ್ಲಿ ವಿಶ್ಲೇಷಿಸಿದಂತೆ ಅತ್ಯಂತ ನುರಿತ ಬಾಕ್ಸರುಗಳ ನೇರ ಗುದ್ದಿನಲ್ಲಿ ತೋಳಿನ ಪಾಲು ನಾಲ್ಕನೇ ಒಂದಕ್ಕಿಂತಲೂ ಕಡಿಮೆ, ಉಳಿದದ್ದೆಲ್ಲ ಕಾಲು ಮತ್ತು ಮುಂಡದ್ದು. ಹಿಂಗಾಲು ನೆಲವನ್ನು ಒದ್ದಾಗ ಹುಟ್ಟಿದ ಬಲ ಸೊಂಟದ ತಿರುವನ್ನು ದಾಟಿ ಭುಜಕ್ಕೆ ಏರಬೇಕು, ಆ ತಿರುವಿಗೆ ಬೇಕಾದ ಅಂತರ ಹಿಂದಿರುವ ಕೈಗೆ ಮಾತ್ರ ಪೂರ್ತಿಯಾಗಿ ಸಿಗುತ್ತದೆ. ಹಾಗಾಗಿ ನಿಲುವು ಬದಲಾದಾಗ ಜ್ಯಾಬ್ ಹಾಕುತ್ತಿದ್ದ ಕೈಗೇ ಭಾರದ ಗುದ್ದಿನ ದಾರಿ ದೊರೆಯುತ್ತದೆ. ಜೊತೆಗೆ ಎದುರಾಳಿಯ ತೂಕ ಮುಂದಕ್ಕೆ ಬರುತ್ತಿರುತ್ತದೆ, ಎರಡು ವೇಗಗಳು ಕೂಡಿಕೊಳ್ಳುತ್ತವೆ. ಎದುರೇಟು ತಾಗಿದವನು ಹೆಚ್ಚು ಗಟ್ಟಿಯಾಗಿ ಬೀಳುವುದಕ್ಕೆ ಇದೂ ಕಾರಣ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಥ ಅಳತೆಗಳಲ್ಲಿ ಹಿಂದಿನ ಕೈ ಎಂದರೆ ಬಹುಮಟ್ಟಿಗೆ ಬಾಕ್ಸರು ಹುಟ್ಟಿನಿಂದ ಬಳಸುವ ಕೈಯೂ ಹೌದು, ವರ್ಷಗಟ್ಟಲೆ ಹಿಂದಿಟ್ಟು ಪಳಗಿಸಿದ ಕೈಯೂ ಹೌದು. ಸ್ಥಾನದಿಂದ ಬಂದ ಬಲ ಎಷ್ಟು, ಅಭ್ಯಾಸದಿಂದ ಬಂದದ್ದು ಎಷ್ಟು ಎಂದು ಆ ಸಂಖ್ಯೆಗಳು ಬಿಡಿಸಿ ಹೇಳುವುದಿಲ್ಲ. ಎಡಗೈಯನ್ನು ಹಿಂದಕ್ಕೆ ತಂದ ಮಾತ್ರಕ್ಕೆ ಅದಕ್ಕೆ 4,800 ನ್ಯೂಟನ್ ಬರುವುದಿಲ್ಲ. ಸ್ಥಾನ ಅವಕಾಶವನ್ನು ಕೊಡುತ್ತದೆ, ಅದನ್ನು ತುಂಬುವುದು ಪಳಗಿದ ಸೊಂಟ.

ಇಷ್ಟಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ‘ಇದೆಲ್ಲ ಎಡಚರಿಗೆ ಸಿಗುವ ಲಾಭವೇ ಅಲ್ಲವೇ? ಸೌತ್‌ಪಾಗಳು ಅಪರೂಪ, ಅವರೆದುರು ಅಭ್ಯಾಸ ಕಡಿಮೆ, ಹಾಗಾಗಿ ಅವರು ಗೆಲ್ಲುತ್ತಾರೆ. ನಿಲುವು ಬದಲಿಸುವವರು ಆ ಲಾಭವನ್ನು ಎರವಲು ತಂದುಕೊಳ್ಳುತ್ತಾರೆ, ಅಷ್ಟೇ.’ ಈ ಲಾಭ ಇರುವುದಂತೂ ನಿಜ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಥಾಮಸ್ ರಿಚರ್ಡ್‌ಸನ್ ಮತ್ತು ಟಕರ್ ಗಿಲ್ಮನ್ 2019ರಲ್ಲಿ ಬಾಕ್ಸರುಗಳು ಮತ್ತು ಮಿಶ್ರ ಸಮರಕಲೆ ಪಟುಗಳು ಸೇರಿ ಒಟ್ಟು ಸುಮಾರು 13,800 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಎಡಚರ ಯಶಸ್ಸು ಹೆಚ್ಚೆಂದು ಕಂಡರು. ಜರ್ಮನಿಯ ನಾರ್ಬರ್ಟ್ ಹಾಗೆಮನ್ 2009ರಲ್ಲಿ ಟೆನಿಸ್ ಆಟಗಾರರಿಗೆ ಹೊಡೆತಗಳ ವಿಡಿಯೊ ತೋರಿಸಿ ಚೆಂಡು ಎತ್ತ ಹೋಗುತ್ತದೆಂದು ಊಹಿಸಲು ಹೇಳಿದಾಗ, ಎಡಗೈ ಆಟಗಾರರ ಹೊಡೆತಗಳನ್ನು ಎಲ್ಲರೂ ಕಡಿಮೆ ನಿಖರವಾಗಿ ಊಹಿಸಿದರು. ಎಡಗೈಯವರೂ ಎಡಗೈಯವರನ್ನು ಓದುವುದರಲ್ಲಿ ಸೋತರು ಎಂಬುದು ಇದರ ಸ್ವಾರಸ್ಯ, ಏಕೆಂದರೆ ಅವರ ದಿನನಿತ್ಯದ ಎದುರಾಳಿಗಳೂ ಬಲಗೈಯವರೇ. ಫ್ಲೋರಿಯನ್ ಲೋಫಿಂಗ್ 2017ರಲ್ಲಿ ಹಲವು ಆಟಗಳನ್ನು ಹೋಲಿಸಿದಾಗ ಪ್ರತಿಕ್ರಿಯೆಗೆ ಕಾಲ ತೀರಾ ಕಡಿಮೆ ಇರುವ ಕ್ರಿಕೆಟ್, ಬೇಸ್‌ಬಾಲ್, ಟೇಬಲ್ ಟೆನಿಸ್‌ಗಳ ಅಗ್ರ ಶ್ರೇಣಿಯಲ್ಲಿ ಎಡಗೈಯವರ ಪ್ರಮಾಣ ಹೆಚ್ಚು, ಸ್ಕ್ವಾಷ್‌ನಂಥ ಆಟಗಳಲ್ಲಿ ಕಡಿಮೆ ಎಂದು ತಿಳಿಯಿತು. ನಮ್ಮ ಬ್ಯಾಟರುಗಳು ಎಡಗೈ ವೇಗಿಗಳೆದುರು ತಡವರಿಸುವುದನ್ನು ನೋಡಿರುವ ಕ್ರಿಕೆಟ್ ಪ್ರೇಮಿಗಳಿಗೆ ಇದು ಅಚ್ಚರಿ ತರಲಿಕ್ಕಿಲ್ಲ.

ಆದರೂ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ಬೇಕರ್ ಮತ್ತು ಶೋರರ್ 2013ರಲ್ಲಿ 1,468 ಮಿಶ್ರ ಸಮರಕಲೆ ಪಟುಗಳನ್ನು ಪರಿಶೀಲಿಸಿದಾಗ ಸೌತ್‌ಪಾಗಳ ಸಂಖ್ಯೆ ನಿರೀಕ್ಷೆಗಿಂತ ಹೆಚ್ಚಿತ್ತು, ಆದರೆ ಗೆಲುವಿನಲ್ಲಿ ಸ್ಪಷ್ಟ ಮೇಲುಗೈ ಕಾಣಲಿಲ್ಲ. ಅಪರೂಪದ ಲಾಭ ಇದ್ದರೂ ಅದು ಎಲ್ಲ ಬಾಗಿಲನ್ನೂ ತೆರೆಯುವ ಕೀಲಿ ಅಲ್ಲ. ಇದಕ್ಕಿಂತ ಮುಖ್ಯವಾದದ್ದು, ಅಪರೂಪದ ಲಾಭ ನಿಧಾನವಾದದ್ದು. ಅದು ಎದುರಾಳಿಯ ವರ್ಷಗಳ ಅಭ್ಯಾಸದ ಕೊರತೆಯಿಂದ ಹುಟ್ಟಿ ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ. ಹೊರಳುವಿಕೆಯ ಲಾಭ ಹೊರಟ ಗುದ್ದನ್ನು ನಿಲ್ಲಿಸಲಾಗದ ಅವಧಿಯದು. ಸೌತ್‌ಪಾಗಳೊಡನೆ ನೂರಾರು ಸುತ್ತು ಸ್ಪಾರಿಂಗ್ ಮಾಡಿದವನ ಮೆದುಳಿಗೂ ತಡೆಯುವ ಕ್ರಿಯೆಗೆ ಕಾಲ ಬೇಕೇ ಬೇಕು. ಎರಡು ಲಾಭಗಳೂ ಒಂದೇ ಹೆಸರಿನಲ್ಲಿ ಓಡಾಡುವುದರಿಂದ ನಮ್ಮ ಮಾತುಕತೆಯಲ್ಲಿ ಕಲಸಿಹೋಗಿವೆ.

ಈ ವ್ಯತ್ಯಾಸವನ್ನು ನೋಡಲು ನೆಬ್ರಾಸ್ಕಾದ ಒಮಾಹಾ ನಗರದ ಟೆರೆನ್ಸ್ ಕ್ರಾಫರ್ಡ್‌ಗಿಂತ ಒಳ್ಳೆಯ ಉದಾಹರಣೆ ನಮ್ಮ ಕಾಲದಲ್ಲಿಲ್ಲ. 2014ರ ಜೂನ್ 28ರಂದು ತಮ್ಮ ಊರಲ್ಲೇ ಅವರು ಎದುರಿಸಿದ್ದು 2004ರ ಒಲಿಂಪಿಕ್ ಚಿನ್ನ ಗೆದ್ದ ಕ್ಯೂಬಾ ಮೂಲದ ಯೂರಿಯೋರ್ಕಿಸ್ ಗಂಬೋವಾರನ್ನು. ಗಂಬೋವಾರ ಕೈ ಅತಿ ವೇಗದ್ದು. ಆರಂಭದ ಸುತ್ತುಗಳಲ್ಲಿ ಆರ್ಥೊಡಾಕ್ಸ್ ನಿಲುವಿನಲ್ಲಿದ್ದ ಕ್ರಾಫರ್ಡ್ ಆ ವೇಗಕ್ಕೆ ಹಿಂದೆ ಬಿದ್ದರು. ನಂತರ ಸೌತ್‌ಪಾಗೆ ಹೊರಳಿದರು. ಐದನೇ ಸುತ್ತಿನಲ್ಲಿ ಗಂಬೋವಾ ಮೊದಲ ಬಾರಿ ನೆಲಕ್ಕೆ ಬಿದ್ದರು, ಒಂಬತ್ತನೇ ಸುತ್ತಿನಲ್ಲಿ ಪಂದ್ಯವೇ ಮುಗಿಯಿತು. ಇಲ್ಲಿ ಗಮನಿಸಬೇಕಾದದ್ದು ಗಂಬೋವಾರ ಸ್ವಭಾವ: ಅವರು ದೂರದಿಂದ ನೆಗೆದು ಗುದ್ದುವವರು, ಹಾಗೆ ನೆಗೆದವನಿಗೆ ನಡುವೆ ದಾರಿ ಬದಲಿಸಲು ಆಗದು. ಕ್ರಾಫರ್ಡ್‌ಗೆ ಬೇಕಿದ್ದುದು ಅದೇ. ಒಂಬತ್ತು ವರ್ಷದ ನಂತರ, 2023ರ ಜುಲೈ 29ರಂದು ಲಾಸ್ ವೇಗಸ್‌ನಲ್ಲಿ ಎರೋಲ್ ಸ್ಪೆನ್ಸ್ ವಿರುದ್ಧದ ಪಂದ್ಯ ಇನ್ನೊಂದು ಬಗೆಯ ಸಾಕ್ಷ್ಯ. ಸ್ಪೆನ್ಸ್ ಸ್ವತಃ ಸೌತ್‌ಪಾ. ಕ್ರಾಫರ್ಡ್ ಕೂಡ ಬಹುಪಾಲು ಸೌತ್‌ಪಾ ಆಗಿಯೇ ಆಡಿದರು, ನಡುನಡುವೆ ಹೊರಳಿದ್ದು ಕಡಿಮೆ. ಎರಡನೇ ಸುತ್ತಿನಲ್ಲಿ ಸ್ಪೆನ್ಸ್ ಕೆಳಗೆ ಬಿದ್ದರು, ಏಳನೆಯದರಲ್ಲಿ ಒಳನುಗ್ಗುತ್ತಿದ್ದಾಗ ಬಲಗೈ ಅಪರ್‌ಕಟ್ ಎದುರೇಟಿಗೆ ಸಿಕ್ಕು ಮತ್ತೆ ಬಿದ್ದರು, ಅದೇ ಸುತ್ತಿನಲ್ಲಿ ಇನ್ನೊಮ್ಮೆ ಬಿದ್ದರು, ಒಂಬತ್ತನೆಯದರಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ಗುದ್ದುಗಳನ್ನು ಎಣಿಸುವ ಕಾಂಪ್ಯುಬಾಕ್ಸ್ ಸಂಸ್ಥೆಯ ಲೆಕ್ಕದಲ್ಲಿ ಕ್ರಾಫರ್ಡ್ 369 ಗುದ್ದುಗಳಲ್ಲಿ 185 ತಾಗಿಸಿದರೆ, ಸ್ಪೆನ್ಸ್ 480ರಲ್ಲಿ 96 ಮಾತ್ರ. ಎರಡು ನಿಲುವಿನ ಪರಿಣತಿ ಇದ್ದವನು ಎದುರಾಳಿಗೆ ತಕ್ಕ ನಿಲುವನ್ನು ಆರಿಸಿಕೊಂಡು ಅದರಲ್ಲೇ ಗಟ್ಟಿಯಾಗಿ ನಿಲ್ಲಬಲ್ಲ ಎಂಬುದಕ್ಕೆ ಇದು ನಿದರ್ಶನ. ಇದನ್ನು ಗುದ್ದಾಟದ ನಡುವಿನ ಹೊರಳುವಿಕೆಯ ಗೆಲುವೆಂದು ಹೇಳುವವರ ಜೊತೆ ನಾನಿಲ್ಲ. ಆದರೆ ಬಿದ್ದ ಪೆಟ್ಟುಗಳು ಬಿದ್ದದ್ದು ಸ್ಪೆನ್ಸ್ ಹೊರಟ ಮೇಲೆ, ಹಿಂತಿರುಗಲಾಗದ ಹಂತದಲ್ಲಿ, ಎಂಬುದು ನನ್ನ ವಾದದ ಬೇರನ್ನು ಗಟ್ಟಿಮಾಡುತ್ತದೆ.

ಎರಡನೇ ಆಕ್ಷೇಪಕ್ಕೆ ಆಧಾರ ಮಾರ್ವಿನ್ ಹ್ಯಾಗ್ಲರ್. ಎರಡೂ ನಿಲುವಿನಲ್ಲಿ ಅವರಷ್ಟು ಪಳಗಿದ ಮಿಡಲ್‌ವೇಟ್ ಚಾಂಪಿಯನ್ನರು ವಿರಳ. ಆದರೂ 1987ರ ಏಪ್ರಿಲ್ 6ರಂದು ಷುಗರ್ ರೇ ಲಿಯೊನಾರ್ಡ್ ವಿರುದ್ಧ ಸಹಜ ಸೌತ್‌ಪಾ ಬಿಟ್ಟು ಆರ್ಥೊಡಾಕ್ಸ್ ನಿಲುವಿನಲ್ಲಿ ಆರಂಭಿಸಿ, ಮೊದಲ ಸುತ್ತುಗಳನ್ನು ಕೈಬಿಟ್ಟರು. ಹನ್ನೆರಡು ಸುತ್ತುಗಳ ನಂತರ ಮೂವರು ತೀರ್ಪುಗಾರರಲ್ಲಿ ಇಬ್ಬರು ಲಿಯೊನಾರ್ಡ್ ಪರ ನಿಂತರು, ಅವರಲ್ಲಿ ಒಬ್ಬರ ಅಂಕ 115-113. ಅಷ್ಟು ಕಿರಿದಾದ ಅಂತರದಲ್ಲಿ ಬಿಟ್ಟುಕೊಟ್ಟ ಸುತ್ತುಗಳ ಬೆಲೆ ದೊಡ್ಡದು. ನಿಲುವು ಬದಲಿಸುವುದು ವ್ಯರ್ಥ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಲಿಯೊನಾರ್ಡ್ ಆ ಸುತ್ತುಗಳಲ್ಲಿ ಸುತ್ತುತ್ತಾ, ಚುಟುಕಾಗಿ ಗುದ್ದಿ ದೂರ ಸರಿಯುತ್ತಾ ಇದ್ದರು. ಮೈಯೊಡ್ಡಿ ಮುನ್ನುಗ್ಗುವ ಗುದ್ದು ಅವರಿಂದ ಹೊರಡಲೇ ಇಲ್ಲ. ಎದುರಾಳಿಯ ಗುದ್ದು ಹೊರಡದಿದ್ದರೆ ಹೊರಳುವುದಕ್ಕೆ ಅರ್ಥವಿಲ್ಲ. ಸಾಲದ್ದಕ್ಕೆ ಲಿಯೊನಾರ್ಡ್ ತಂಡ ತಿಂಗಳುಗಟ್ಟಲೆ ಭಯಪಟ್ಟು ಸಿದ್ಧವಾಗಿದ್ದ ಸೌತ್‌ಪಾ ಒತ್ತಡವನ್ನೇ ಹ್ಯಾಗ್ಲರ್ ತಾವಾಗಿ ತೆಗೆದುಹಾಕಿದರು. 2001ರ ಏಪ್ರಿಲ್ 7ರಂದು ನಸೀಂ ಹಮೀದ್ ಮೆಕ್ಸಿಕೊದ ಮಾರ್ಕೊ ಅಂಟೋನಿಯೊ ಬರೇರಾಗೆ ಸೋತದ್ದೂ ಹೀಗೆಯೇ. ಹಮೀದ್‌ರ ವಿಚಿತ್ರ ಕೋನಗಳಿಗೆ, ನಿಲುವಿನ ಆಟಕ್ಕೆ ಅವರ ಹಿಂದಿನ ಎದುರಾಳಿಗಳು ಆತುರದಿಂದ ಉತ್ತರ ಕೊಟ್ಟು ಬಿದ್ದಿದ್ದರು. ಸದಾ ಮುನ್ನುಗ್ಗುವವರೆಂದು ಹೆಸರಾಗಿದ್ದ ಬರೇರಾ ಅಂದು ತಾಳ್ಮೆಯಿಂದ ಕಾದರು, ಸುತ್ತಿದರು, ತಮಗೆ ಬೇಕಾದಾಗ ಮಾತ್ರ ಗುದ್ದಿದರು. ಕರೆಗೆ ಓಗೊಡದವನ ಮುಂದೆ ಹೊರಳಾಟ ಖಾಲಿಯಾಗುತ್ತದೆ. ಹಾಗಾಗಿ ನುರಿತ ಹೊರಳುಗಾರ ಮೊದಲು ಮಾಡುವ ಕೆಲಸ ಎದುರಾಳಿಯಿಂದ ಗುದ್ದನ್ನು ಹೊರಡಿಸುವುದು: ಗಾರ್ಡನ್ನು ಚೂರು ಇಳಿಸಿ ತೋರಿಸುವುದು, ಹುಸಿಗುದ್ದು ಹಾಕಿ ಕೆಣಕುವುದು, ಒಂದೇ ಜ್ಯಾಬನ್ನು ಒಂದೇ ತಾಳದಲ್ಲಿ ಎರಡು ಮೂರು ಸಲ ಹಾಕಿ ಅದರ ಮೇಲಿಂದ ಬಲಗೈ ಬಿಡುವ ಆಸೆ ಹುಟ್ಟಿಸುವುದು.

ತರಬೇತುದಾರರು ಎತ್ತುವ ಮೂರನೇ ಆಕ್ಷೇಪ ಕಾಲಿನದು. ಒಂದು ನಿಲುವಿನಿಂದ ಇನ್ನೊಂದಕ್ಕೆ ಸಾಗುವಾಗ ಎರಡೂ ಪಾದಗಳು ಒಂದೇ ಸಾಲಿಗೆ ಬರುವ ಒಂದು ಗಳಿಗೆ ಇರುತ್ತದೆ. ಆಗ ಮುಂದೆ ಹಿಂದೆ ಆಧಾರವಿಲ್ಲ, ಎದೆ ಪೂರ್ತಿ ಎದುರಾಳಿಗೆ ತೆರೆದಿರುತ್ತದೆ, ಸಾಧಾರಣ ಪೆಟ್ಟೂ ಬೀಳಿಸುತ್ತದೆ. ಇದು ಪೂರ್ತಿ ಸರಿ, ಇದಕ್ಕೆ ಸುಲಭದ ಪರಿಹಾರವೂ ಇಲ್ಲ. ಆದರೆ ಆ ಅಪಾಯ ಎಲ್ಲ ಹೊರಳುವಿಕೆಗೂ ಸಮನಾಗಿ ಹಂಚಿಹೋಗಿಲ್ಲ. ಎದುರಾಳಿ ಸುಮ್ಮನೆ ನಿಂತು ನೋಡುತ್ತಿರುವಾಗ ಗುದ್ದಿನ ದೂರದೊಳಗೆ ಹೊರಳಿದರೆ ಆ ಗಳಿಗೆ ಅವನಿಗೆ ಕೊಟ್ಟ ಉಡುಗೊರೆ. ಅವನ ಗುದ್ದು ಈಗಾಗಲೇ ಹೊರಟು, ಅದೇ ಕೈ ವಾಪಸಾಗದೆ ಇನ್ನೊಂದು ಗುದ್ದು ಬರಲಾರದ ಸ್ಥಿತಿಯಲ್ಲಿ ಹೊರಳಿದರೆ, ತೆರೆದ ಎದೆಯನ್ನು ಹೊಡೆಯಲು ಅವನ ಬಳಿ ಕೈ ಬಿಡುವಿಲ್ಲ. ಸಮಯದ ವಾದ ಇಲ್ಲೂ ಅನ್ವಯಿಸುತ್ತದೆ. ಎರಡು ನಿಲುವು ಕಲಿಯಲು ಹೋಗಿ ಎರಡರಲ್ಲೂ ಅರೆಬರೆ ಆಗುವವರಿದ್ದಾರೆ ಎಂಬ ಮಾತನ್ನು ಮಾತ್ರ ನಾನು ಒಪ್ಪಿಬಿಡುತ್ತೇನೆ. ಎಳೆಯ ಬಾಕ್ಸರುಗಳಿಗೆ ಮೊದಲ ವರ್ಷಗಳಲ್ಲಿ ಒಂದೇ ನಿಲುವು ಕಲಿಸುವ ತರಬೇತುದಾರರ ಹಠ ನನಗೆ ವಿವೇಕದ್ದಾಗಿಯೇ ಕಾಣುತ್ತದೆ. ಸಮತೋಲ ಬೇರೂರದ ದೇಹಕ್ಕೆ ಹೊರಳುವುದು ಎಡವುವುದಕ್ಕೆ ಇನ್ನೊಂದು ದಾರಿ.

ಎದುರಾಳಿ ಕಲಿತುಬಿಟ್ಟರೆ? ಶೋರರ್, ಲೋಫಿಂಗ್, ಹಾಗೆಮನ್ ಮತ್ತು ಬೇಕರ್ 2012ರಲ್ಲಿ ಹ್ಯಾಂಡ್‌ಬಾಲ್‌ನ ಎಡಗೈ ಎಸೆತಗಳನ್ನು ಓದುವ ವಿಶೇಷ ಅಭ್ಯಾಸ ಕೊಟ್ಟು, ಎಡಗೈಯವರನ್ನು ಓದಲಾಗದ ದೌರ್ಬಲ್ಯವನ್ನು ತರಬೇತಿಯಿಂದ ತಿರುಗಿಸಬಹುದು ಎಂದು ತೋರಿಸಿದರು. ಅಪರೂಪದ ಲಾಭಕ್ಕೆ ಹೀಗೆ ಆಯುಷ್ಯ ಸೀಮಿತ. ಹೊರಳುವಿಕೆಯ ವಿರುದ್ಧವೂ ಕಲಿಕೆ ಕೆಲಸ ಮಾಡುತ್ತದೆ, ಆದರೆ ಬೇರೆ ದಾರಿಯಲ್ಲಿ: ಎದುರಾಳಿ ತಡೆಯುವ ಕ್ರಿಯೆಯನ್ನು ವೇಗಗೊಳಿಸುವುದಕ್ಕಿಂತ ಗುದ್ದನ್ನು ಹೊರಡಿಸುವ ಮೊದಲೇ ಅನುಮಾನ ಪಡಲು ಕಲಿಯುತ್ತಾನೆ. ಅವನ ಗುದ್ದುಗಳು ಕಡಿಮೆಯಾಗುತ್ತವೆ, ಚಿಕ್ಕದಾಗುತ್ತವೆ. 2015ರ ನವೆಂಬರ್ 28ರಂದು ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ ಟೈಸನ್ ಫ್ಯೂರಿ ಹುಸಿಗುದ್ದು, ದೂರ, ಆಗಾಗ ನಿಲುವಿನ ಬದಲಾವಣೆ ಎಲ್ಲವನ್ನೂ ಬೆರೆಸಿದಾಗ ವ್ಲಾಡಿಮಿರ್ ಕ್ಲಿಚ್ಕೊ ಹನ್ನೆರಡು ಸುತ್ತುಗಳಲ್ಲಿ ತಾಗಿಸಿದ ಗುದ್ದುಗಳು ಕಾಂಪ್ಯುಬಾಕ್ಸ್ ಎಣಿಕೆಯಲ್ಲಿ 52. ಒಂಬತ್ತೂವರೆ ವರ್ಷ ಹೆವಿವೇಟ್ ಪಟ್ಟದಲ್ಲಿ ಕೂತಿದ್ದವರ ಕೈ ಹೊರಡಲೇ ಹಿಂಜರಿಯಿತು. ಎದುರೇಟಿಗೆ ಅವಕಾಶ ಕಡಿಮೆಯಾಯಿತು, ಪಂದ್ಯ ಮಂಕಾಯಿತು, ಅಂಕಗಳು ಮಾತ್ರ ಫ್ಯೂರಿಯ ಕಡೆಗೆ ಹೋದವು.

ಹನ್ನೆರಡು ಸುತ್ತಿನ ವೃತ್ತಿಪರ ಪಂದ್ಯಕ್ಕೆ ಹೊಂದುವ ಈ ಲೆಕ್ಕವೆಲ್ಲ ಒಲಿಂಪಿಕ್ ಬಾಕ್ಸಿಂಗ್‌ಗೆ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಮೂರು ನಿಮಿಷದ ಮೂರು ಸುತ್ತು, ಒಟ್ಟು ಒಂಬತ್ತು ನಿಮಿಷ. ಅಷ್ಟರಲ್ಲಿ ಎದುರಾಳಿ ಅನುಮಾನಪಡಲು ಕಲಿಯಲಾರ ಎಂಬುದು ಹೊರಳುವವನಿಗೆ ಅನುಕೂಲ. ಎದುರಾಳಿ ಯಾವ ಆಮಿಷಕ್ಕೆ ಬಲಗೈ ಬಿಡುತ್ತಾನೆ, ಗುದ್ದಿದ ಕೈಯನ್ನು ಎಷ್ಟು ಬೇಗ ದವಡೆಗೆ ತರುತ್ತಾನೆ ಎಂದು ಕಂಡುಕೊಳ್ಳಲು ಕ್ರಾಫರ್ಡ್‌ಗೆ ಒಮಾಹಾದಲ್ಲಿ ಸಿಕ್ಕಂಥ ಆರಂಭದ ಸುತ್ತುಗಳು ಇಲ್ಲಿ ಸಿಗುವುದಿಲ್ಲ ಎಂಬುದು ಅನನುಕೂಲ. ಮೊದಲ ಸುತ್ತನ್ನು ಬಿಟ್ಟುಕೊಟ್ಟರೆ ಮೂರನೇ ಒಂದು ಪಾಲು ಪಂದ್ಯವನ್ನೇ ಬಿಟ್ಟುಕೊಟ್ಟಂತೆ. ಆ ಓದನ್ನು ಹೊರಳುವವನು ಹಳೆಯ ಪಂದ್ಯಗಳ ವಿಡಿಯೊಗಳಿಂದ ರಿಂಗಿಗೆ ಇಳಿಯುವ ಮೊದಲೇ ಮುಗಿಸಿಕೊಂಡಿರಬೇಕಾಗುತ್ತದೆ.